ಮಗ ಗ್ರ್ಯಾಂಡ್‌ಮಾಸ್ಟರ್ ಆಗುತ್ತಾನಂತೆ, ಶಾಲೆ ಬಿಡಿಸಬೇಕಂತೆ: ತಿಳಿದವರು ಹೇಳಿ

ಡೊಂಬಿವಲಿ ಲೋಕಲ್:

ಎಲ್ಲರಿಗೂ ನಮಸ್ಕಾರ. ನಾನು ಡೊಂಬಿವಲಿ ಪೂರ್ವದಲ್ಲಿರುವವನು, ಮೂಲ ಕಾರ್ಕಳದ ಕಡೆ. ಭಿವಂಡಿಯ ಗೋದಾಮೊಂದರಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ಚದುರಂಗದಲ್ಲಿ ನನಗೆ ಗೊತ್ತಿರುವುದು ಕುದುರೆ ಎರಡೂವರೆ ಮನೆ ಹಾರುತ್ತದೆ ಎಂಬುದಷ್ಟೇ. ಮಗನಿಗೆ ಹನ್ನೆರಡು ವರ್ಷ, ಏಳನೆಯ ತರಗತಿ, ಆಟದ ಬಲ ಅಳೆಯುವ ರೇಟಿಂಗ್ 1790.

2025ರ ನವೆಂಬರಿನಲ್ಲಿ ಗೋವಾದ ಅರ್ಪೊರಾದಲ್ಲಿ ಚೆಸ್ ವಿಶ್ವಕಪ್ ನಡೆಯಿತಲ್ಲ, ಆ ಇಡೀ ತಿಂಗಳು ನಮ್ಮ ಮನೆಯಲ್ಲಿ ಮೊಬೈಲು ಯಾರ ಕೈಗೂ ಸಿಗಲಿಲ್ಲ. ಗುಕೇಶ್ ಮೂರನೆಯ ಸುತ್ತಿನಲ್ಲಿ ಸೋತ ದಿನ ಹುಡುಗ ಊಟ ಬಿಟ್ಟ. ಕೊನೆಗೆ ಉಜ್ಬೇಕಿಸ್ತಾನದ ಸಿಂದರೊವ್ ಗೆದ್ದಾಗ, "ಅಪ್ಪಾ, ಅವನಿಗೆ ಹತ್ತೊಂಬತ್ತು. ನನಗೆ ಇನ್ನೂ ಏಳು ವರ್ಷ ಸಮಯವಿದೆ" ಎಂದ. ಹಾಗೆ ಹೇಳುವಾಗ ಅವನ ಬಾಯಲ್ಲಿ ಟೂತ್‌ಬ್ರಷ್ ಇತ್ತು. ನಾನು ನಕ್ಕೆ. ಅವನು ನಗಲಿಲ್ಲ.

ಈಗ ಅವನ ಕೋಚ್ ಹೇಳುವುದೇನೆಂದರೆ, ಎಂಟನೆಯ ತರಗತಿಯಿಂದ ಮುಕ್ತ ಶಾಲೆಗೆ ಹಾಕಿ, ದಿನಕ್ಕೆ ಎಂಟು ಗಂಟೆ ಆಡಿಸಿ, ಮುಂದಿನ ಬೇಸಿಗೆಯಲ್ಲಿ ಎರಡು ತಿಂಗಳು ಯುರೋಪಿಗೆ ಕರೆದುಕೊಂಡು ಹೋಗಿ ಎಂದು. ಗುಕೇಶ್ ನಾಲ್ಕನೆಯ ತರಗತಿಯ ನಂತರ ಪೂರ್ಣಾವಧಿ ಶಾಲೆ ಬಿಟ್ಟ, ಅವನ ತಂದೆ ವೈದ್ಯ ವೃತ್ತಿಯನ್ನೇ ನಿಲ್ಲಿಸಿದರು ಎಂದು ಉದಾಹರಣೆ ಕೊಡುತ್ತಾರೆ. ನಾನು ವೃತ್ತಿ ನಿಲ್ಲಿಸಿದರೆ ಮರುತಿಂಗಳು ಬಾಡಿಗೆ ಕಟ್ಟುವವರು ಯಾರು? ಹೆಂಡತಿ ಖಡಾಖಂಡಿತವಾಗಿ ಬೇಡ ಎನ್ನುತ್ತಾಳೆ. ನಾನು ನಡುವೆ ಸಿಕ್ಕಿಕೊಂಡಿದ್ದೇನೆ.

ನನ್ನ ಪ್ರಶ್ನೆ ನೇರವಾದದ್ದು. ಗ್ರ್ಯಾಂಡ್‌ಮಾಸ್ಟರ್ ಆದವರ ಬದುಕು ನಿಜವಾಗಿ ಹೇಗಿರುತ್ತದೆ? ಪಟ್ಟ ಸಿಕ್ಕಿದ ಮರುದಿನದಿಂದ ಹೊಟ್ಟೆಪಾಡು ಹೇಗೆ ನಡೆಯುತ್ತದೆ? ಪತ್ರಿಕೆಯಲ್ಲಿ ಹಾರ ಹಾಕಿಕೊಂಡ ಫೋಟೋ ಬರುತ್ತದೆ, ಆಮೇಲೆ?

ಕೋಥ್ರೂಡ್ ಅಮ್ಮ:

ಅಣ್ಣಾ, ನಾನು ಧಾರವಾಡದವಳು, ಪುಣೆಗೆ ಬಂದು ಹದಿನೆಂಟು ವರ್ಷವಾಯಿತು. ಮಗಳು ಆಡುತ್ತಾಳೆ. ಗ್ರ್ಯಾಂಡ್‌ಮಾಸ್ಟರ್‌ಗಳ ಬದುಕು ನನಗೆ ಗೊತ್ತಿಲ್ಲ, ಆಡುವ ಮಕ್ಕಳ ತಾಯಂದಿರ ಬದುಕು ಮಾತ್ರ ಚೆನ್ನಾಗಿ ಗೊತ್ತು. ಅದು ಮೆಟ್ಟಿಲ ಮೇಲೆ ಕಳೆಯುತ್ತದೆ. ಸಭಾಂಗಣದೊಳಗೆ ನಮ್ಮನ್ನು ಬಿಡುವುದಿಲ್ಲ. ನಾಲ್ಕು ಗಂಟೆ ಹೊರಗೆ ಕೂತು ಬಾಗಿಲು ನೋಡುತ್ತಿರುತ್ತೇವೆ. ಹೊರಗೆ ಬಂದ ಮಗು ಮೊದಲು ನಮ್ಮನ್ನು ಹುಡುಕಿದರೆ ಗೆದ್ದಿದೆ, ಮೊದಲು ತನ್ನ ಚೀಲ ಹುಡುಕಿದರೆ ಸೋತಿದೆ. ಡ್ರಾ ಆಗಿದ್ದರೆ ನೀರು ಕೇಳುತ್ತದೆ. ಆರು ವರ್ಷದಲ್ಲಿ ಈ ಲೆಕ್ಕ ತಪ್ಪಿದ್ದು ಎರಡು ಬಾರಿ.

ಶಾಲೆ ಬಿಡಿಸಬೇಡಿ. ಹತ್ತನೆಯ ತರಗತಿಯಾದರೂ ಮುಗಿಯಲಿ. ಶಾಲೆಯಲ್ಲಿ ಅವನು ಚೆಸ್ ಗೊತ್ತಿಲ್ಲದ ನಲವತ್ತು ಹುಡುಗರ ನಡುವೆ ಕೂರುತ್ತಾನಲ್ಲ, ಅದು ಬೇಕು. ಟೂರ್ನಿಯಲ್ಲಿ ಸೋತ ಮಗುವಿಗೆ ಸೋಮವಾರ ಬೆಳಗ್ಗೆ ಯಾರೂ ರೇಟಿಂಗ್ ಕೇಳದ ಜಾಗ ಒಂದು ಇರಬೇಕು.

ಇನ್ನೊಂದು ಮಾತು. ಮುಂಬಯಿಯವರು ನೀವು, ಚೆಸ್ ಆಡಿದ ಖಾಡಿಲ್ಕರ್ ಸಹೋದರಿಯರ ಕಥೆಯನ್ನು ಮಗನಿಗೆ ಹೇಳಿ. ವಾಸಂತಿ, ಜಯಶ್ರೀ, ರೋಹಿಣಿ. 1976ರಲ್ಲಿ ರೋಹಿಣಿ ಹದಿಮೂರರ ಹುಡುಗಿ, ಪುರುಷರ ರಾಷ್ಟ್ರೀಯ ಚಾಂಪಿಯನ್‌ಷಿಪ್ಪಿನಲ್ಲಿ ಆಡಿದಳು. ಆಗ ಎದ್ದ ತಕರಾರು ವಿಶ್ವ ಒಕ್ಕೂಟದ ಅಧ್ಯಕ್ಷ ಮ್ಯಾಕ್ಸ್ ಯೂವೆ ಅವರವರೆಗೆ ಹೋಗಿ, ಹೆಣ್ಣೆಂಬ ಕಾರಣಕ್ಕೆ ತಡೆಯುವಂತಿಲ್ಲ ಎಂದು ತೀರ್ಮಾನವಾಯಿತು. ನನ್ನ ಮಗಳು ಹುಡುಗರ ಎದುರು ಕೂರುವಾಗಲೆಲ್ಲ ನನಗೆ ಅದು ನೆನಪಾಗುತ್ತದೆ. 2025ರ ಜುಲೈಯಲ್ಲಿ ನಾಗಪುರದ ದಿವ್ಯಾ ದೇಶ್‌ಮುಖ್ ಮಹಿಳಾ ವಿಶ್ವಕಪ್ ಗೆದ್ದು ಒಂದೂ ನಾರ್ಮ್ (ಪಟ್ಟಕ್ಕೆ ಬೇಕಾದ ಟೂರ್ನಿ ಸಾಧನೆ) ಕೈಯಲ್ಲಿಲ್ಲದೆ ನೇರವಾಗಿ ಗ್ರ್ಯಾಂಡ್‌ಮಾಸ್ಟರ್ ಆದ ರಾತ್ರಿ ನಮ್ಮ ಸೊಸೈಟಿಯಲ್ಲಿ ಪೇಢೆ ಹಂಚಿದವಳು ನಾನೇ.

ವಾಸ್ಕೋ ಚಾಲಕ:

ನಾನು ಗದಗ ಜಿಲ್ಲೆಯವನು, ವಾಸ್ಕೋದಲ್ಲಿ ಟ್ಯಾಕ್ಸಿ ಓಡಿಸುತ್ತೇನೆ. ನನಗೆ ಚೆಸ್ ಬರುವುದಿಲ್ಲ. ಆದರೆ ಒಬ್ಬ ಗ್ರ್ಯಾಂಡ್‌ಮಾಸ್ಟರನನ್ನು ಒಂದೂವರೆ ಗಂಟೆ ಹತ್ತಿರದಿಂದ ನೋಡಿದ್ದೇನೆ, ಅದನ್ನು ಹೇಳುತ್ತೇನೆ.

ಆ ವಿಶ್ವಕಪ್ಪಿಗೆ 206 ಮಂದಿ ಬಂದಿದ್ದರು. ಸೋತವನು ಮನೆಗೆ ಹೋಗುವ ಪದ್ಧತಿ. ಮೇಲಿನ ಐವತ್ತು ಮಂದಿಗೆ ಮೊದಲ ಸುತ್ತಿನ ವಿನಾಯಿತಿ, ಉಳಿದವರಲ್ಲಿ ಅರ್ಧದಷ್ಟು, ಎಂದರೆ 78 ಮಂದಿ, ಮೊದಲ ಮೂರು ದಿನಗಳಲ್ಲೇ ಗಂಟುಮೂಟೆ ಕಟ್ಟಿದರು. ನಮಗೆ ಬಾಡಿಗೆಯ ಸುಗ್ಗಿ. ಅರ್ಪೊರಾದಿಂದ ದಾಬೋಳಿ ವಿಮಾನ ನಿಲ್ದಾಣಕ್ಕೆ ಒಬ್ಬ ವಿದೇಶಿಯನ್ನು ಕರೆದೊಯ್ದೆ. ಕೊರಳ ಬಿಲ್ಲೆಯಲ್ಲಿ ಹೆಸರಿನ ಮುಂದೆ ಜಿಎಂ ಎಂದಿತ್ತು. ಹೆಸರು ಹೇಳುವುದಿಲ್ಲ. ಮೂವತ್ತೈದು ದಾಟಿರಬೇಕು, ಅಂಗಿಯ ಕಾಲರು ಸವೆದಿತ್ತು.

ಪಣಜಿ ದಾಟುವವರೆಗೆ ಮಾತಿಲ್ಲ. ಕಣ್ಣು ಮುಚ್ಚಿಕೊಂಡು ಮೊಣಕಾಲಿನ ಮೇಲೆ ಬೆರಳಿನಲ್ಲಿ ಏನೋ ಇಡುವುದು, ತೆಗೆಯುವುದು. ಜುವಾರಿ ಸೇತುವೆಯ ಮೇಲೆ ಬಂದಾಗ ಒಮ್ಮೆಲೇ ತನ್ನ ಹಣೆಗೆ ತಾನೇ ಹೊಡೆದುಕೊಂಡ. ನಾನು ಹೆದರಿ ಬ್ರೇಕ್ ಒತ್ತಿದೆ. "ಕ್ಷಮಿಸಿ, ಈಗ ಕಂಡಿತು" ಎಂದ. ಮೊನ್ನೆಯ ಆಟದಲ್ಲಿ ಏನು ಮಾಡಬೇಕಿತ್ತು ಎಂಬುದು ಆಗ ಹೊಳೆದಿತ್ತಂತೆ.

ಆಮೇಲೆ ಹಗುರಾದ. ಗೇರುಬೀಜ ಕೊಳ್ಳಬೇಕೆಂದ, ಅಂಗಡಿಯ ಮುಂದೆ ನಿಲ್ಲಿಸಿದೆ. ನಿನಗೆ ಆಟ ಬರುತ್ತದೆಯೇ ಎಂದು ಕೇಳಿದ. ನಮ್ಮ ಕಡೆ ಗುಡಿಯ ಕಟ್ಟೆಯ ಕಲ್ಲಿನ ಮೇಲೆ ಕೊರೆದ ಹುಲಿ-ಕುರಿ ಆಟವಿದೆ, ಅದು ಬರುತ್ತದೆ ಎಂದೆ. ಅಂಗಡಿಯ ಬಿಲ್ಲಿನ ಹಿಂದೆ ಗೆರೆ ಹಾಕಿ ತೋರಿಸಿದೆ. ಗೇರುಬೀಜಗಳೇ ಕುರಿ, ನನ್ನ ಹತ್ತಿರವಿದ್ದ ನಾಣ್ಯಗಳು ಹುಲಿ. ಮೊದಲ ಆಟ ನಾನು ಗೆದ್ದೆ. ಎರಡನೆಯದಕ್ಕೆ ಅವನು ನನ್ನನ್ನು ಅಲ್ಲಾಡಲು ಬಿಡಲಿಲ್ಲ. ಸೋತ ನಾಣ್ಯವನ್ನು ವಾಪಸ್ಸು ಕೊಟ್ಟು ಕುರಿಗಳನ್ನು ತಿಂದ.

ಈಗ ಮನೆಗೆ ಹೋಗುತ್ತೀರಾ ಎಂದು ಕೇಳಿದ್ದಕ್ಕೆ, ಇಲ್ಲ, ನಾಲ್ಕು ದಿನ ಬಿಟ್ಟು ಇನ್ನೊಂದು ದೇಶದಲ್ಲಿ ಟೂರ್ನಿ ಇದೆ, ನಡುವೆ ಮನೆಗೆ ಹೋದರೆ ವಿಮಾನದ ಟಿಕೆಟ್ಟು ದಂಡ ಎಂದ. ಇಷ್ಟೇ ನನಗೆ ಗೊತ್ತಿರುವುದು.

ಮಾಟುಂಗದ ಆನೆ:

ಡೊಂಬಿವಲಿಯವರೇ, ನಾನು ನಿವೃತ್ತ ಬ್ಯಾಂಕ್ ನೌಕರ. ಎಪ್ಪತ್ತು, ಎಂಬತ್ತರ ದಶಕದಲ್ಲಿ ಈ ಊರಿನಲ್ಲಿ ಆಡಿದವನು, ಆಮೇಲೆ ಬಹುಕಾಲ ಟೂರ್ನಿಗಳಲ್ಲಿ ಆರ್ಬಿಟರ್ (ತೀರ್ಪುಗಾರ) ಆಗಿ ಕೆಲಸ ಮಾಡಿದವನು. ನನ್ನ ಹೆಸರಿನಲ್ಲಿ ಆನೆ ಯಾಕಿದೆ ಎಂಬುದನ್ನು ಕೆಳಗೆ ಹೇಳುತ್ತೇನೆ.

ಮೊದಲು ಲೆಕ್ಕ, ನೀವು ಲೆಕ್ಕದವರಾದ್ದರಿಂದ. ಗ್ರ್ಯಾಂಡ್‌ಮಾಸ್ಟರ್ ಆಗಲು ಮೂರು ನಾರ್ಮ್ ಬೇಕು, ಒಟ್ಟು 27 ಆಟ. ಪ್ರತಿಯೊಂದರಲ್ಲೂ 2600ರ ಮಟ್ಟದ ಆಟ ತೋರಿಸಬೇಕು, ಎದುರಾಳಿಗಳಲ್ಲಿ ಕಡಿಮೆಯೆಂದರೂ ಮೂವರು ಗ್ರ್ಯಾಂಡ್‌ಮಾಸ್ಟರ್‌ಗಳಿರಬೇಕು, ಬೇರೆ ದೇಶದವರಿರಬೇಕು. ಇದಲ್ಲದೆ ರೇಟಿಂಗ್ ಒಮ್ಮೆಯಾದರೂ 2500 ಮುಟ್ಟಬೇಕು. ಮುಟ್ಟಿ ಬಿದ್ದರೂ ಚಿಂತೆಯಿಲ್ಲ, ಪಟ್ಟ ಸಾಯುವವರೆಗೆ ಇರುತ್ತದೆ. ಕೋಚುಗಳು ಯುರೋಪ್ ಯುರೋಪ್ ಎನ್ನುವುದು ಈ ಮೂವರು ಗ್ರ್ಯಾಂಡ್‌ಮಾಸ್ಟರ್‌ಗಳು ಮತ್ತು ವಿದೇಶಿಯರು ಒಂದೇ ಕಡೆ ಅಗ್ಗವಾಗಿ ಸಿಗುತ್ತಾರೆಂದು. 1790ರ ಹುಡುಗನಿಗೆ ಅದರ ಅಗತ್ಯ ಈಗ ಏನೂ ಇಲ್ಲ. ಈಜು ಕಲಿಯುವವನಿಗೆ ಹಡಗಿನ ಟಿಕೆಟ್ಟು ತೆಗೆದಂತಾಯಿತು.

ಇನ್ನು ಯಾರೂ ನಿಮಗೆ ಹೇಳದ ಲೆಕ್ಕ. ನಿಮ್ಮ ಹುಡುಗ ಈಗ ತನಗಿಂತ 300 ಅಂಕ ಕೆಳಗಿರುವವನೊಂದಿಗೆ ಡ್ರಾ ಮಾಡಿಕೊಂಡರೆ ಹದಿನಾಲ್ಕು ಅಂಕ ಹೋಗುತ್ತದೆ. ಚಿಕ್ಕವನು, ಗುಣಾಕಾರ 40; ಆಟದಲ್ಲಿ ನಿರೀಕ್ಷಿಸಿದ ಅಂಕಕ್ಕೂ ಗಳಿಸಿದ ಅಂಕಕ್ಕೂ ಇರುವ ವ್ಯತ್ಯಾಸವನ್ನು ಇದರಿಂದ ಗುಣಿಸುತ್ತಾರೆ. ಒಂದು ಒಳ್ಳೆಯ ಟೂರ್ನಿಯಲ್ಲಿ ಅದು ವಾಪಸ್ಸು ಬರುತ್ತದೆ. 2400 ಮುಟ್ಟಿದ ಮೇಲೆ ಗುಣಾಕಾರ 10ಕ್ಕೆ ಇಳಿಯುತ್ತದೆ. ಅಲ್ಲಿಂದ 2500ಕ್ಕೆ ಹೋಗಬೇಕೆಂದರೆ ಆಟಗಳಲ್ಲಿ ನಿರೀಕ್ಷೆಗಿಂತ ಹತ್ತು ಪೂರ್ತಿ ಅಂಕ (ಒಂದು ಗೆಲುವಿಗೆ ಒಂದು) ಹೆಚ್ಚು ಗಳಿಸಬೇಕು. ಕೇಳಲು ಸುಲಭ. ಆದರೆ ನಮ್ಮ ಮುಕ್ತ ಟೂರ್ನಿಗಳಲ್ಲಿ ನಿಮ್ಮ ಮಗನಂಥ ಹುಡುಗರೇ ತುಂಬಿರುತ್ತಾರೆ. ರೇಟಿಂಗ್ 1790, ಆಟ 2100ರದ್ದು. ಆ ಹುಡುಗರ ಎದುರು ಹೆಂಡತಿ, ಮನೆ ಸಾಲ, ಬೆನ್ನು ನೋವು ಇರುವ ಮಾಸ್ಟರ್ ಕೂತು ಡ್ರಾ ಮಾಡಿಕೊಂಡು ಎದ್ದಾಗ ಅವನ ಮುಖ ನೋಡಬೇಕು. 2470ರಿಂದ 2490ರ ನಡುವೆ ಹತ್ತು ವರ್ಷ ಓಡಾಡಿದವರನ್ನು ನಾನು ಬಲ್ಲೆ. ಅದೊಂದು ತ್ರಿಶಂಕು ಸ್ವರ್ಗ.

ಈ ಊರಿನ ಪ್ರವೀಣ್ ಠಿಪ್ಸೆ ಅವರನ್ನೇ ನೋಡಿ. ಏಳು ಬಾರಿ ರಾಷ್ಟ್ರೀಯ ಚಾಂಪಿಯನ್, 1984ರಲ್ಲೇ ಅರ್ಜುನ ಪ್ರಶಸ್ತಿ. ಗ್ರ್ಯಾಂಡ್‌ಮಾಸ್ಟರ್ ಪಟ್ಟ ಬಂದದ್ದು 1997ರಲ್ಲಿ, ದೇಶಕ್ಕೆ ಮೂರನೆಯವರಾಗಿ. ಆನಂದ್ 1988, ದಿಬ್ಯೇಂದು ಬರುವಾ 1991, ಆಮೇಲೆ ಇವರು. ಅಷ್ಟು ಹೊತ್ತಿಗೆ ಅವರ ವಯಸ್ಸು ಮೂವತ್ತೆಂಟರ ಆಸುಪಾಸು. ಆಗ ನಾರ್ಮ್ ಸಿಗುವಂಥ ಟೂರ್ನಿ ದೇಶದಲ್ಲಿ ವಿರಳ, ಹೊರಗೆ ಹೋಗಲು ದುಡ್ಡು ವಿರಳ. ಮೂವರು ಆಗುವುದಕ್ಕೆ ಒಂಬತ್ತು ವರ್ಷ ಹಿಡಿಯಿತು. ದಿವ್ಯಾ 88ನೆಯವಳು. ನಮ್ಮ ಕರ್ನಾಟಕಕ್ಕೆ ಮೊದಲ ಗ್ರ್ಯಾಂಡ್‌ಮಾಸ್ಟರ್ ಬಂದದ್ದು 2017ರಲ್ಲಿ, ಮೈಸೂರಿನ ತೇಜ್‌ಕುಮಾರ್, ದೇಶಕ್ಕೆ ಐವತ್ತನೆಯವರು. ಅವರೂ ಮೂವತ್ತೈದು ದಾಟಿದ್ದರು, ರೈಲ್ವೆಯ ನೌಕರರು. ಆ ಸುದ್ದಿ ಬಂದ ದಿನ ನಾನು ಇಲ್ಲಿ ಮಾಟುಂಗದ ಮೈಸೂರು ಅಸೋಸಿಯೇಷನ್ನಿನ ಮುಂದೆ ಹೋಗುತ್ತಿದ್ದವನು ಸಿಕ್ಕಿದವರಿಗೆಲ್ಲ ಹೇಳಿದೆ. ಒಬ್ಬರು, "ರೈಲ್ವೆಯಲ್ಲಿ ಯಾವ ಗ್ರೇಡು?" ಎಂದು ಕೇಳಿದರು. ಬೈದುಕೊಂಡೆ. ಈಗ ಅನ್ನಿಸುತ್ತದೆ, ನಿಮ್ಮ ಪ್ರಶ್ನೆಯೂ ಅದೇ, ಸರಿಯಾದ ಪ್ರಶ್ನೆಯೇ.

ಉತ್ತರ ಇದು: ಗ್ರ್ಯಾಂಡ್‌ಮಾಸ್ಟರ್ ಎಂಬುದು ಬಿರುದು, ಸಂಬಳವಲ್ಲ. ಸಂಬಳ ಬರುವುದು ರೈಲ್ವೆಯಿಂದ, ತೈಲ ಕಂಪನಿಗಳಿಂದ, ಕ್ರೀಡಾ ಕೋಟಾದಲ್ಲಿ ಕೆಲಸ ಕೊಡುವವರಿಂದ. ಇಲ್ಲವಾದರೆ ಪಾಠ ಹೇಳಬೇಕು. ಬಹುಮಾನದ ಹಣ ಮೇಲಿನ ಇಪ್ಪತ್ತು ಮೂವತ್ತು ಮಂದಿಯ ಮಾತು. ಸಿಂದರೊವ್ ಗೋವಾದಿಂದ ಒಂದು ಲಕ್ಷ ಇಪ್ಪತ್ತು ಸಾವಿರ ಡಾಲರ್ ಒಯ್ದ. ನಮ್ಮ ವಾಸ್ಕೋ ತಮ್ಮನ ಕಾರಿನಲ್ಲಿ ಕೂತವನು ಗೇರುಬೀಜ ಒಯ್ದ. ಇಬ್ಬರ ಬಿಲ್ಲೆಯ ಮೇಲೂ ಜಿಎಂ ಎಂದೇ ಇತ್ತು. ಪಾಠ ಹೇಳುವುದು ಕೀಳೆಂದು ಮಾತ್ರ ತಿಳಿಯಬೇಡಿ. ಪುಣೆಯ ಅಭಿಜಿತ್ ಕುಂಟೆ 2000ದಲ್ಲಿ ಗ್ರ್ಯಾಂಡ್‌ಮಾಸ್ಟರ್ ಆದವರು, ಎರಡು ಬಾರಿ ರಾಷ್ಟ್ರೀಯ ಚಾಂಪಿಯನ್. 2024ರಲ್ಲಿ ಬುಡಾಪೆಸ್ಟ್ ಒಲಿಂಪಿಯಾಡಿನಲ್ಲಿ ನಮ್ಮ ಮಹಿಳಾ ತಂಡ ಚಿನ್ನ ಗೆದ್ದಾಗ ನಾಯಕರಾಗಿ ಕೂತಿದ್ದವರು ಅವರೇ, ಒಂದೂ ಕಾಯಿ ಮುಟ್ಟದೆ.

ಚಿಕ್ಕವರಾಗಿಯೇ ಪಟ್ಟ ಪಡೆದವರ ಕಥೆ ಬೇಕಾದರೆ ಗೋವಾದ ಲಿಯಾನ್ ಮೆಂಡೋನ್ಸಾ ಇದ್ದಾನೆ. 2020ರ ಮಾರ್ಚಿನಲ್ಲಿ ತಂದೆಯೊಂದಿಗೆ ಹಂಗೇರಿಯಲ್ಲಿದ್ದಾಗ ಲಾಕ್‌ಡೌನ್ ಬಂತು, ವಾಪಸ್ಸು ಬರಲಾಗಲಿಲ್ಲ. ಅಲ್ಲೇ ಉಳಿದು ಸಿಕ್ಕಿದ ಟೂರ್ನಿಯನ್ನೆಲ್ಲ ಆಡಿ, ಅಕ್ಟೋಬರ್, ನವೆಂಬರ್, ಡಿಸೆಂಬರ್ ಮೂರೇ ತಿಂಗಳಲ್ಲಿ ಮೂರೂ ನಾರ್ಮ್ ಮುಗಿಸಿದ, ಕೊನೆಯದು ಇಟಲಿಯಲ್ಲಿ. ಆಗ ಹದಿನಾಲ್ಕು ವರ್ಷ. ಎಲ್ಲರೂ ಮೂರು ತಿಂಗಳು ಎನ್ನುತ್ತಾರೆ. ಮಾರ್ಚಿನಿಂದ ಪರದೇಶದ ಕೋಣೆಯೊಂದರಲ್ಲಿ ಮಗನೊಂದಿಗೆ ಕೂತ ತಂದೆಯ ಲೆಕ್ಕ ಯಾರೂ ಹಾಕುವುದಿಲ್ಲ.

ಈಗ ಆನೆಯ ಕಥೆ. 1986. ದಾದರಿನಲ್ಲಿ ಒಂದು ಟೂರ್ನಿ. ಆಗೆಲ್ಲ ಐದು ಗಂಟೆಯಲ್ಲಿ ಆಟ ಮುಗಿಯದಿದ್ದರೆ ಮರುದಿನಕ್ಕೆ ಮುಂದೂಡುತ್ತಿದ್ದರು. ನಡೆಯ ಸರದಿ ಇದ್ದವನು ತನ್ನ ಮುಂದಿನ ನಡೆಯನ್ನು ಎದುರಾಳಿಗೆ ಕಾಣದಂತೆ ಬರೆದು, ಲಕೋಟೆಗೆ ಹಾಕಿ ಅಂಟಿಸಿ, ಆರ್ಬಿಟರ್ ಕೈಗೆ ಕೊಡಬೇಕು. ಕಂಪ್ಯೂಟರ್ ಬಂದ ಮೇಲೆ ಈ ಪದ್ಧತಿ ಹೋಯಿತು. ನನ್ನ ಸರದಿ ಇತ್ತು, ಬರೆದು ಕೊಟ್ಟೆ. ಎದುರಾಳಿ ನನಗಿಂತ ಎಷ್ಟೋ ಮೇಲಿನವನು. ಗೆದ್ದರೆ ರಾಜ್ಯ ಮಟ್ಟದ ತಂಡಕ್ಕೆ ದಾರಿ ತೆರೆಯುತ್ತಿತ್ತು.

ನಾನಿದ್ದದ್ದು ಕಿಂಗ್ಸ್ ಸರ್ಕಲ್ ಬಳಿ, ಸೋದರಮಾವನ ಹೋಟೆಲಿನ ಮೇಲಿನ ಕೋಣೆಯಲ್ಲಿ. ಕೆಳಗೆ ಹಿಟ್ಟು ರುಬ್ಬುವ ಸದ್ದು ನಿಲ್ಲುವ ಹೊತ್ತಿಗೆ ನಾವು ನಾಲ್ವರು ಬೋರ್ಡಿನ ಸುತ್ತ ಕೂತೆವು. ಇಬ್ಬರು ಬ್ಯಾಂಕಿನ ಗೆಳೆಯರು, ಇನ್ನೊಬ್ಬ ರಾತ್ರಿ ಶಾಲೆಗೆ ಹೋಗುತ್ತಿದ್ದ ಮಾಣಿ, ಕುಂದಾಪುರದ ಕಡೆಯವನು. ಆಟ ಕಲಿತು ವರ್ಷವಾಗಿರಲಿಲ್ಲ, ಆದರೆ ರಾತ್ರಿ ಎರಡೂವರೆಗೆ ದಾರಿ ಕಂಡದ್ದು ಅವನಿಗೇ. ನೇರವಾಗಿ ಪದಾತಿಯನ್ನು ನೂಕುವುದಲ್ಲ, ರಾಜನನ್ನು ಒಂದು ಮನೆ ಹಿಂದೆ ಸರಿಸಿ ಕಾಯುವುದು. ಎದುರಾಳಿ ಏನೇ ಮಾಡಿದರೂ ಕೆಡುತ್ತದೆ. ನಾಲ್ಕು ಗಂಟೆಗೆ ಕೆಳಗೆ ಒಲೆ ಹೊತ್ತಿಸಿದರು. ಮೊದಲ ಕಾಫಿ ನಮಗೇ ಬಂತು. ನಾನು ನಿದ್ದೆಯಿಲ್ಲದೆ, ಗೆದ್ದವನ ಠೀವಿಯಲ್ಲಿ ದಾದರಿಗೆ ನಡೆದುಕೊಂಡೇ ಹೋದೆ.

ಆರ್ಬಿಟರ್ ಲಕೋಟೆ ಬಿಚ್ಚಿದರು. ನೋಡಿದರು. ಬೋರ್ಡು ನೋಡಿದರು. ಚೀಟಿಯನ್ನು ನನ್ನ ಕಡೆ ತಿರುಗಿಸಿ ಹಿಡಿದರು. ನಾನು ಬರೆದದ್ದು "ಆನೆ ಡಿ1", ಡಿ1 ಮನೆಗೆ ಆನೆ ಎಂದು. ನನ್ನ ಒಂದು ಆನೆ ಎ1ರಲ್ಲಿತ್ತು, ಇನ್ನೊಂದು ಡಿ4ರಲ್ಲಿ. ಡಿ1ಕ್ಕೆ ಎರಡೂ ಬರುತ್ತವೆ. ಯಾವ ಆನೆ ಎಂದು ಬರೆದಿರಲಿಲ್ಲ. ಸೀಲ್ ಮಾಡಿದ ನಡೆ ಎರಡರ್ಥಕ್ಕೆ ಎಡೆ ಕೊಟ್ಟರೆ ಆಟ ಸೋತಂತೆ, ನಿಯಮ ಹಾಗೆಯೇ ಇತ್ತು. ಕಾಯಿ ಮುಟ್ಟುವ ಮೊದಲೇ ಸೋತೆ. ಎದುರಾಳಿ ಒಳ್ಳೆಯವನು, ಕೈಕುಲುಕುವಾಗ ನನ್ನ ಮುಖ ನೋಡಲಿಲ್ಲ.

ಯಾರನ್ನು ದೂರಲಿ? ಕೋಣೆಗೆ ಬಂದಾಗ ಮಾಣಿ ಇಡ್ಲಿ ತಟ್ಟೆ ಹಿಡಿದು ಮೆಟ್ಟಿಲಲ್ಲೇ ನಿಂತಿದ್ದ. ಏನಾಯಿತೆಂದು ಹೇಳಿದೆ. ಅವನು ತಟ್ಟೆ ಕೆಳಗಿಟ್ಟು, ಬೋರ್ಡಿನ ಮುಂದೆ ಕೂತು, "ಹಾಗಾದರೆ ಆ ಇನ್ನೊಂದು ಆನೆ ಬಂದರೆ ಏನಾಗುತ್ತಿತ್ತು ಅಣ್ಣಾ?" ಎಂದು ಕೇಳಿ ಆಟ ಶುರು ಮಾಡಿದ. ನನಗೆ ಬೋರ್ಡು ನೋಡಲೂ ಆಗಲಿಲ್ಲ, ಆರು ತಿಂಗಳು ಮುಟ್ಟಲಿಲ್ಲ. ನಮ್ಮಿಬ್ಬರಲ್ಲಿ ಆಟಗಾರ ಯಾರಾಗಿದ್ದ ಎಂದು ನನಗೆ ಈಗ ಗೊತ್ತು. ಅವನು ಆಮೇಲೆ ಠಾಣೆಯಲ್ಲಿ ಸ್ವಂತ ಹೋಟೆಲು ಮಾಡಿದ, ಇರಲಿ.

ಆದ್ದರಿಂದ ನಿಮ್ಮ ಮಗ ಎಷ್ಟು ಗೆದ್ದ ಎಂಬುದು ನನಗೆ ಬೇಡ. ಕಳೆದ ಬಾರಿ ಸೋತ ಆಟದ ನಡೆಗಳ ಹಾಳೆ ಎಲ್ಲಿದೆ? ಅದನ್ನು ಕಳುಹಿಸಿ.

ಡೊಂಬಿವಲಿ ಲೋಕಲ್:

ರಾಯರೇ, ಎಲ್ಲರಿಗೂ ವಂದನೆ. ಹೆಂಡತಿ ಕೋಥ್ರೂಡ್ ಅಕ್ಕನ ಉತ್ತರವನ್ನು ಎರಡು ಬಾರಿ ಗಟ್ಟಿಯಾಗಿ ಓದಿದಳು, ನನಗೆ ಕೇಳಿಸಲೆಂದೇ.

ಹಾಳೆ ಕೇಳಿದಾಗ ಹುಡುಗ ಇಲ್ಲ ಎಂದ. ಆಮೇಲೆ ಅವನ ಚೀಲದಲ್ಲಿ ಸಿಕ್ಕಿತು, ಎಂಟು ಮಡಿಕೆಯಾಗಿ, ಪೆನ್ಸಿಲು ಡಬ್ಬಿಯ ತಳದಲ್ಲಿ. ಫೋಟೋ ಹಾಕಿದ್ದೇನೆ. 31ನೆಯ ನಡೆಗೆ ನಿಂತಿದೆ. ಪಕ್ಕದಲ್ಲಿ ಅಲ್ಲಲ್ಲಿ ಬರೆದಿರುವ ಸಂಖ್ಯೆಗಳು ಏನೆಂದು ನನಗೆ ಅರ್ಥವಾಗಲಿಲ್ಲ, ಕೊನೆಯದು 52.

ಮಾಟುಂಗದ ಆನೆ:

ಅವು ಗಡಿಯಾರದಲ್ಲಿ ಉಳಿದ ನಿಮಿಷಗಳು. ಆಟವನ್ನು ನನ್ನ ಬೋರ್ಡಿನಲ್ಲಿ ಇಟ್ಟು ನೋಡಿದೆ. ಒಂದು ಪದಾತಿ ಕಡಿಮೆ, ರಾಜ ಸ್ವಲ್ಪ ಇಕ್ಕಟ್ಟಿನಲ್ಲಿದ್ದಾನೆ, ಅಷ್ಟೇ. ಐವತ್ತೆರಡು ನಿಮಿಷ ಕೈಯಲ್ಲಿಟ್ಟುಕೊಂಡು ಯಾಕೆ ಸೋಲೊಪ್ಪಿದ ಎಂದು ಕೇಳಿ. ಬೈಯುವ ದನಿಯಲ್ಲಿ ಬೇಡ.

ಡೊಂಬಿವಲಿ ಲೋಕಲ್:

ಕೇಳಿದೆ. ಬಹಳ ಹೊತ್ತು ಸುಮ್ಮನಿದ್ದ. ಎದುರಾಳಿ ಚಿಕ್ಕ ಹುಡುಗಿ, ಒಂಬತ್ತು ವರ್ಷದವಳು, ಸುತ್ತ ಜನ ಸೇರತೊಡಗಿದ್ದರಂತೆ. ಇಷ್ಟು ಹೇಳಿ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ. ಈಗ ರಾತ್ರಿ ಹನ್ನೊಂದೂವರೆ. ಒಳಗಿನಿಂದ ಕಾಯಿ ಇಡುವ ಸದ್ದು ಬರುತ್ತಿದೆ. ಬೆಳಗ್ಗೆ ಶಾಲೆ ಇದೆ, ಮಲಗು ಎನ್ನಲೇ?

ಮಾಟುಂಗದ ಆನೆ:

ಹನ್ನೆರಡರವರೆಗೆ ಬಿಡಿ. ಭಾನುವಾರ ಹತ್ತೂವರೆಗೆ ಕರೆದುಕೊಂಡು ಬನ್ನಿ, ಮಾಟುಂಗ ಸ್ಟೇಷನ್ನಿನ ಪೂರ್ವದ ಬದಿಯಲ್ಲಿ ನಿಂತಿರುತ್ತೇನೆ. ಆ ಹಾಳೆಯನ್ನು ಮತ್ತೆ ಮಡಚದೆ ತನ್ನಿ.